ನಾಲ್ಕು ಕಪ್ಪು ಸೊನ್ನೆಗಳು

ನನ್ನ ಕಾಯಿಲೆಯನ್ನು ಮೊದಲು ಹಿಡಿದದ್ದು ನನ್ನದೇ ಅಳತೆ ಟೇಪು. ಕಾರವಾರದ ಕಾಜುಬಾಗದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವುದು ನನ್ನ ಕೆಲಸ. ಎರಡು ಸಾವಿರದ ನಾಲ್ಕರ ದಸರೆ ಹತ್ತಿರವಿತ್ತು. ಊರವರ ಬ್ಲೌಸೆಲ್ಲ ಮುಗಿದು ಕೊನೆಗೆ ನನ್ನದಕ್ಕೆ ಅಳತೆ ತೆಗೆದುಕೊಳ್ಳುತ್ತಿದ್ದಾಗ ಟೇಪು ಹಿಡಿದ ಬೆರಳಿಗೆ ಬಲಗಡೆ ಬಟಾಣಿಯಷ್ಟು ಗಟ್ಟಿಯಾದದ್ದೇನೋ ತಾಗಿತು. ಹದಿನೆಂಟು ವರ್ಷ ಬೇರೆಯವರ ಮೈ ಅಳೆದ ಕೈ ಅದು. ಎಲ್ಲಿ ಏನು ಇರಬೇಕು, ಏನು ಇರಬಾರದು ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು. ನನಗೆ ಆಗ ನಲವತ್ತೆರಡು ವರ್ಷ. ಆ ಬ್ಲೌಸು ಹಾಗೇ ಕತ್ತರಿಸದೆ ಉಳಿಯಿತು.

ಆಪರೇಷನ್ನಿನ ಬಗ್ಗೆ, ಕೂದಲು ಉದುರುವುದರ ಬಗ್ಗೆ ನನಗಿಂತ ಚೆನ್ನಾಗಿ ಬರೆದವರಿದ್ದಾರೆ. ನಾನು ಹೇಳಹೊರಟಿರುವುದು ಅದೆಲ್ಲ ಮುಗಿದ ಮೇಲೆ ನಮ್ಮ ಮನೆಗೆ ಬಂದ ಒಂದು ಕಾಗದದ ಸುದ್ದಿ. ಅಂಥದೇ ಕಾಗದ ಕೈಯಲ್ಲಿ ಹಿಡಿದು ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು ಇದನ್ನು ಓದಿ ಒಂದು ಸಲ ನಕ್ಕರೂ ನನಗೆ ಸಮಾಧಾನ.

ಚಿಕಿತ್ಸೆಗೆ ಮುಂಬಯಿಗೆ ಹೋದೆವು. ಅಲ್ಲಿ ನನ್ನ ಗಂಡ ವಸಂತನ ತಮ್ಮನ ಮನೆಯಿತ್ತು. ಆಸ್ಪತ್ರೆಯಲ್ಲಿ ಸರದಿ ಕಾಯುವ ಕೋಣೆಯಲ್ಲಿ ಕೂರಲು ಜಾಗ ಸಿಗುವುದೇ ಒಂದು ಭಾಗ್ಯ. ಅಲ್ಲಿ ಯಾರೂ ಯಾರನ್ನೂ ಹೆಸರು ಕೇಳುವುದಿಲ್ಲ, ಎಷ್ಟನೇ ಕೀಮೋ ಎಂದು ಕೇಳುತ್ತಾರೆ. ಭಾಷೆ ಗೊತ್ತಿಲ್ಲದ ಒಬ್ಬ ಅಜ್ಜಿ ನನ್ನ ಬೋಳು ತಲೆ ನೋಡಿ, ತನ್ನ ತಲೆಯ ಸೆರಗು ಸರಿಸಿ ತೋರಿಸಿದಳು. ಅಲ್ಲಿ ಅರ್ಧ ಇಂಚು ಹೊಸ ಕೂದಲು! ನಾವಿಬ್ಬರೂ ಕೈ ಹಿಡಿದುಕೊಂಡು ನಕ್ಕ ನಗೆಗೆ ನರ್ಸು ಬಂದು ಗದರಿದಳು.

ಊರಿಗೆ ಬಂದ ಮೇಲೆ ನನ್ನ ಹೊಲಿಗೆ ವಿದ್ಯೆ ನನ್ನದೇ ಮೈಗೆ ಉಪಯೋಗಕ್ಕೆ ಬಂತು. ಇಲ್ಲದ ಎದೆಯ ಜಾಗಕ್ಕೆ ಹತ್ತಿ ತುಂಬಿ ಒಂದು ದಿಂಬು ಹೊಲಿದೆ. ಅದು ಹಗುರವಾಗಿ, ಮಧ್ಯಾಹ್ನದ ಹೊತ್ತಿಗೆ ಭುಜದ ಹತ್ತಿರ ಬಂದು ಕೂತಿರುತ್ತಿತ್ತು. ಆಮೇಲೆ ಸಾಸಿವೆ ತುಂಬಿದೆ. ತೂಕ ಸರಿಯಾಯಿತು. ವಸಂತ ಮಾತ್ರ, "ಒಗ್ಗರಣೆಗೆ ಸಾಸಿವೆ ಕಡಿಮೆ ಬಿದ್ದರೆ ಕೇಳ್ತೇನೆ" ಎಂದು ರೇಗಿಸಿದ. ಎಂಟು ತಿಂಗಳಲ್ಲಿ ಅವನು ಮಾಡಿದ ಮೊದಲ ತಮಾಷೆ ಅದು. ನನಗೆ ಎಷ್ಟು ಸಂತೋಷವಾಯಿತೆಂದರೆ ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆ.

ಆ ಪರೀಕ್ಷೆಯ ಮಾತು ಬಂದದ್ದು ಆಮೇಲೆ. ಮುಂಬಯಿಯಲ್ಲಿ ಮೇಧಾ ಎಂಬ ಡಾಕ್ಟರಿದ್ದರು. ವಂಶದಲ್ಲಿ ಹರಿದುಬರುವ ಕ್ಯಾನ್ಸರನ್ನು ರಕ್ತದಲ್ಲಿ ಹುಡುಕುವುದು ಅವರ ಕೆಲಸ. ನನ್ನ ಅಪ್ಪನ ತಂಗಿಗೂ ಇದೇ ಕಾಯಿಲೆ ಬಂದಿತ್ತು ಎಂದು ನಾನು ಹೇಳಿದ್ದೇ ಅವರ ಕಿವಿ ನೆಟ್ಟಗಾಯಿತು. ರಕ್ತ ತೆಗೆದುಕೊಂಡು ಎರಡು ಫಾರಂ ಕೊಟ್ಟರು. ಒಂದನ್ನು ನಾನು ತುಂಬಬೇಕು, ಇನ್ನೊಂದನ್ನು ತವರಿನ ಸಂಗತಿ ಗೊತ್ತಿರುವ ಇನ್ನೊಬ್ಬರು. ಒಬ್ಬರು ಮರೆತವರನ್ನು ಇನ್ನೊಬ್ಬರು ನೆನೆಯುತ್ತಾರೆ ಎಂಬುದು ಅವರ ಅನುಭವ.

ನಮ್ಮ ತವರು ಅಂಕೋಲೆ ಹತ್ತಿರದ ಭಾವಿಕೇರಿ. ಅಪ್ಪ, ಆಯಿ ಇಬ್ಬರೂ ಇಲ್ಲ, ಅಣ್ಣನದೇ ಯಜಮಾನಿಕೆ. ಅವನು ಪಂಚಾಯ್ತಿ ಕಚೇರಿಯಲ್ಲಿ ಗುಮಾಸ್ತ. ಖಾಲಿ ಜಾಗ ಕಂಡರೆ ಅವನ ಪೆನ್ನು ಸುಮ್ಮನಿರುವುದಿಲ್ಲ. ಮುತ್ತಿನಂಥ ಇಂಗ್ಲಿಷ್ ಅಕ್ಷರದಲ್ಲಿ ಫಾರಂ ತುಂಬಿ, ಕೆಳಗೆ ಸಹಿ ಹಾಕಿ, ಯಾರೂ ಕೇಳದಿದ್ದರೂ ಕಚೇರಿಯ ಸೀಲನ್ನೂ ಒತ್ತಿ, ನೇರವಾಗಿ ಮುಂಬಯಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿಬಿಟ್ಟ. ನನ್ನ ಫಾರಂ ನಾನು ಬೇರೆ ಕಳಿಸಿದೆ. ಒಬ್ಬರದನ್ನು ಒಬ್ಬರು ನೋಡಲಿಲ್ಲ.

ಉತ್ತರ ಬರಲು ತಿಂಗಳುಗಟ್ಟಲೆ ಹಿಡಿಯಿತು. ನಾನು, ವಸಂತ, ನನ್ನ ತಂಗಿ ಮೋಹಿನಿ, ಮೂವರೂ ಅದನ್ನು ಕೇಳಲು ಹೋದೆವು. ಮೇಧಾ ಡಾಕ್ಟರು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ನನ್ನ ರಕ್ತದಲ್ಲಿ ಒಂದು ಬದಲಾವಣೆ ಕಂಡಿದೆ. ಅದು ಕ್ಯಾನ್ಸರ್ ತರುವಂಥದೋ, ಸುಮ್ಮನೆ ಇರುವಂಥದೋ ಯಾರಿಗೂ ಗೊತ್ತಿಲ್ಲ. ಲೋಕದಲ್ಲಿ ಇದನ್ನು ನೋಡಿದವರೇ ಕಡಿಮೆ. ನನಗೆ ಅರ್ಥವಾದದ್ದು ಹೀಗೆ: ಎಲ್ಲೋ ಒಂದು ಹೊಲಿಗೆ ತಪ್ಪಿದೆ, ಅಲ್ಲಿಂದಲೇ ಬಟ್ಟೆ ಬಿಚ್ಚಿಕೊಳ್ಳುತ್ತದೋ, ಯಾರ ಕಣ್ಣಿಗೂ ಬೀಳದೆ ಹರಿಯುವ ತನಕ ಬಾಳುತ್ತದೋ, ಹೇಳಲು ಬರುವುದಿಲ್ಲ.

"ಈ ಕಾಗದ ನಂಬಿ ಯಾರೂ ಏನನ್ನೂ ಮಾಡಿಸಿಕೊಳ್ಳಬೇಡಿ," ಎಂದರು ಡಾಕ್ಟರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾವು ಊಟ ಮಾಡಿ ರೈಲು ಹತ್ತುತ್ತಿದ್ದೆವು. ಆದರೆ ಅವರು ಇನ್ನೊಂದು ಹಾಳೆ ಮುಂದಿಟ್ಟರು. ಎರಡು ಫಾರಂ ಸೇರಿಸಿ ಬರೆದ ನಮ್ಮ ವಂಶದ ಚಿತ್ರ. ಗಂಡಸರು ಚೌಕ, ಹೆಂಗಸರು ಸೊನ್ನೆ. ಹೆಸರಿಲ್ಲ, ಬರೀ ನಂಬರು. ಕಾಯಿಲೆ ಬಂದವರ ಸೊನ್ನೆಗೆ ಕಪ್ಪು ಬಳಿದಿತ್ತು. ಅಂಥ ಕಪ್ಪು ಸೊನ್ನೆಗಳು ನಾಲ್ಕಿದ್ದವು.

"ಬದಲಾವಣೆಯ ವಿಷಯ ಬಿಡಿ. ಒಂದೇ ಮನೆತನದಲ್ಲಿ ನಾಲ್ವರು ಎಂದರೆ ನಿಮ್ಮ ತಂಗಿ ಸುಮ್ಮನೆ ಕೂರುವ ಹಾಗಿಲ್ಲ," ಎಂದರು ಅವರು. ಮುಂಜಾಗ್ರತೆಗೆ ಎದೆ ತೆಗೆಸುವುದು, ಮಕ್ಕಳಾದ ಮೇಲೆ ಅಂಡಾಶಯವನ್ನೂ ತೆಗೆಸುವುದು, ಹೀಗೆ ದಾರಿಗಳನ್ನು ವಿವರಿಸಿ, ಅವಸರವಿಲ್ಲ, ಯೋಚಿಸಿ ಎಂದರು.

ಮೋಹಿನಿ ಅಂಕೋಲೆಯಲ್ಲಿ ಬಾಲವಾಡಿ ಶಿಕ್ಷಕಿ. ನನಗಿಂತ ಒಂಬತ್ತು ವರ್ಷ ಚಿಕ್ಕವಳು. ದಿನವಿಡೀ ಮೂವತ್ತು ಮಕ್ಕಳ ಮೂಗು ಒರೆಸುವ ಅವಳಿಗೆ ಮದುವೆಯಾಗಿ ಎಂಟು ವರ್ಷವಾದರೂ ತನ್ನದೊಂದು ಮಗುವಿರಲಿಲ್ಲ. ಗೋವಾದ ಡಾಕ್ಟರೊಬ್ಬರ ಹತ್ತಿರ ಹೋಗಿಬರುತ್ತಿದ್ದಳು. "ಮಕ್ಕಳಾದ ಮೇಲೆ" ಎಂಬ ಮಾತು ಬಂದಾಗ ನಾನು ಅವಳ ಮುಖ ನೋಡಲಿಲ್ಲ.

ರೈಲು ರತ್ನಾಗಿರಿ ದಾಟುವ ಹೊತ್ತಿಗೆ ಅವಳು ತೀರ್ಮಾನ ಮಾಡಿಯಾಗಿತ್ತು. "ಅಕ್ಕ, ನಾ ಎರಡನ್ನೂ ಒಟ್ಟಿಗೇ ತೆಗೆಸ್ತೆ. ಇನ್ನು ಗೋವಾಕ್ಕೆ ಹೋಗೂದಿಲ್ಲ. ಹೆತ್ತು, ಆಮೇಲೆ ಆ ಮಗೂನ ಯಾರ ಕೈಲಿ ಕೊಟ್ಟು ಹೋಗೂದು?"

"ಖಚಿತ ಇಲ್ಲ ಹೇಳಿ ಅವರೇ ಹೇಳಿರಲ್ಲೇ."

"ಉಂಟು ಹೇಳೂಕೆ ಮನ್ಸು ಬರ್ದೆ ಹಂಗೆ ಹೇಳಿರು. ನಾಲ್ಕು ಜನ ಅಕ್ಕ. ನಾಲ್ಕು!"

ಊರಿಗೆ ಬಂದ ಮೇಲೆ ಕಾಗದ ಓದಿದವರೆಲ್ಲ ತಮಗೆ ತೋಚಿದ ಅರ್ಥ ಹೇಳಿದರು. ವಸಂತನ ಪ್ರಕಾರ ಖಚಿತವಿಲ್ಲ ಎಂದರೆ ಇಲ್ಲ ಎಂದೇ. ಅಣ್ಣ ಕನ್ನಡಕ ಏರಿಸಿ, "ಅರ್ಜಿ ವಿಚಾರಣೇಲಿ ಉಂಟು ಹೇಳಿ ಅರ್ಥ" ಎಂದ. ಸೊನ್ನೆಗಳ ಹಾಳೆ ಡಾಕ್ಟರ ಹತ್ತಿರವೇ ಉಳಿದಿತ್ತು. ಆ ನಾಲ್ಕು ಸೊನ್ನೆಗಳು ಯಾರು ಯಾರು ಎಂದು ನಾನು ಅವನನ್ನು ಕೇಳಿದೆ. ನಾನೊಬ್ಬಳು, ಅತ್ತೆಯೊಬ್ಬಳು, ಉಳಿದಿಬ್ಬರು? ಅಣ್ಣ ಬಹಳ ಯೋಚಿಸಿ, ಹೊಟ್ಟೆ ಉಬ್ಬರಿಸಿ ತೀರಿಕೊಂಡ ಅಜ್ಜಿ ಒಬ್ಬಳಿರಬೇಕು, ಹಿಲ್ಲೂರಿಗೆ ಕೊಟ್ಟ ಅವಳ ತಂಗಿ ಇನ್ನೊಬ್ಬಳಿರಬೇಕು ಎಂದ. ಎರಡು ದಿನದಲ್ಲಿ ಆ ಅಜ್ಜಿ ಎದೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದದ್ದು ನಮಗೆಲ್ಲ ನೆನಪಾಗಿಬಿಟ್ಟಿತು. ಹೆದರಿಕೆಗೆ ಎಂಥ ನೆನಪಿನ ಶಕ್ತಿ! ಆ ಅಜ್ಜಿ ತೀರಿಕೊಂಡಾಗ ನನಗೆ ಮೂರು ವರ್ಷ, ಮೋಹಿನಿ ಹುಟ್ಟಿಯೇ ಇರಲಿಲ್ಲ.

ಮುಂಬಯಿಗೆ ಫೋನು ಮಾಡಿ ಮೋಹಿನಿ ಆಪರೇಷನ್ನಿಗೆ ಜೂನ್ ತಿಂಗಳ ದಿನ ಗೊತ್ತು ಮಾಡಿಸಿದಳು. ಗೋವಾದ ಔಷಧಿ ಚೀಟಿಗಳನ್ನು ಎಸೆಯಲು ಅವಳು ಹೊರಟಾಗ ಅವಳ ಗಂಡ ರಘು ಅವನ್ನು ಎತ್ತಿ ತನ್ನ ಪೆಟ್ಟಿಗೆಯಲ್ಲಿಟ್ಟ. ನನಗೆ ಆ ದಿನಗಳಲ್ಲಿ ಬಂದ ಸಿಟ್ಟು ಕ್ಯಾನ್ಸರ್ ಬಂದಾಗಲೂ ಬಂದಿರಲಿಲ್ಲ. ನನ್ನ ಎದೆ ಹೋದರೆ ಹೋಗಲಿ. ನನ್ನ ರಕ್ತ ಪರೀಕ್ಷೆಯಿಂದ ಅವಳ ಮಡಿಲು ಖಾಲಿಯಾಗಬೇಕೇ?

ಅಷ್ಟರಲ್ಲಿ ಮೇಧಾ ಡಾಕ್ಟರ ಪತ್ರ ಬಂತು. ಮನೆಯವರೆಲ್ಲರ ರಕ್ತ ಸಿಕ್ಕರೆ, ಕಾಯಿಲೆ ಬಂದವರಲ್ಲಿ ಈ ಬದಲಾವಣೆ ಇದೆಯೇ, ಬರದವರಲ್ಲಿ ಇಲ್ಲವೇ ಎಂದು ನೋಡಿ ಅದರ ಬಣ್ಣ ಸ್ವಲ್ಪ ತಿಳಿಯಬಹುದು. ಮೇ ತಿಂಗಳಲ್ಲಿ ಹೇಗೂ ನಾವೆಲ್ಲ ಭಾವಿಕೇರಿಯಲ್ಲಿ ಸೇರುತ್ತೇವೆ, ಅಲ್ಲಿಗೇ ಬನ್ನಿ ಎಂದು ಬರೆದೆ. ಅವರು ನಿಜವಾಗಿಯೂ ಬಂದರು. ಬೆಳಗಿನ ರೈಲಿಗೆ ಅಂಕೋಲೆ ಸ್ಟೇಷನ್ನಿನಲ್ಲಿ ಇಳಿದು, ಭುಜಕ್ಕೊಂದು ಚೀಲ, ಕೈಯಲ್ಲೊಂದು ಐಸಿನ ಪೆಟ್ಟಿಗೆ ಹಿಡಿದು, ರಿಕ್ಷಾದಿಂದ ನಮ್ಮ ಅಂಗಳಕ್ಕೆ ಕಾಲಿಟ್ಟರು.

ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದವಳು ದೊಡ್ಡತ್ತೆ. ಅಪ್ಪನ ಅಕ್ಕ, ಎಂಬತ್ತು ದಾಟಿದವಳು, ಒಂದು ದಿನ ಜ್ವರವೆಂದು ಮಲಗಿದವಳಲ್ಲ. ಐಸಿನ ಪೆಟ್ಟಿಗೆ ಕಂಡದ್ದೇ ಅವಳ ಮುಖ ಅರಳಿತು. "ಬಾ ತಂಗಿ, ಬಾ. ಎಂಥ ತಂದ್ಯೇ? ಇಸ್ವಾಣವಾ?"

ಅದು ಮೀನಿನ ಪೆಟ್ಟಿಗೆಯಲ್ಲ, ನಿನ್ನ ರಕ್ತ ತುಂಬಿಕೊಂಡು ಹೋಗಲು ತಂದದ್ದು ಎಂದು ಹೇಳಿದಾಗ ಅವಳು ಸ್ವಲ್ಪ ಹೊತ್ತು ಡಾಕ್ಟರನ್ನು ಮೇಲೆ ಕೆಳಗೆ ನೋಡಿದಳು. "ಅಷ್ಟು ದೂರದಿಂದ ಖಾಲಿ ಪೆಟ್ಗೆ ಹೊತ್ಕಂಡು ಬಂದದ್ದಾ? ಹಂಗಾರೆ ಹೋಗೂವಾಗ ನಾಲ್ಕು ಇಶಾಡ ಮಾವಿನಹಣ್ಣಾದ್ರೂ ಅದ್ರಲ್ಲಿ ಹಾಕಿ ಕೊಡಿ."

ಅಂದು ಹತ್ತೊಂಬತ್ತು ಜನ ಸೇರಿದ್ದೆವು. ಒಳಗೆ ಕೋಳಿ ಸಾರು ಕುದಿಯುತ್ತಿತ್ತು, ವಡೆ ಕರಿಯುವ ವಾಸನೆ ಜಗಲಿಯವರೆಗೆ ಬರುತ್ತಿತ್ತು. ಡಾಕ್ಟರು ಚಾಪೆಯ ಮೇಲೆ ಕೂತು, ಸೊನ್ನೆಗಳ ಹಾಳೆ ಬಿಡಿಸಿ, ಒಂದೊಂದೇ ನಂಬರು ಕರೆದರು. ಅವರು ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಕೂಗುತ್ತಿದ್ದೆ.

"ತಂದೆಯ ತಂಗಿ, ಐವತ್ತೈದರಲ್ಲಿ ಕಾಯಿಲೆ, ಈಗಲೂ ಇದ್ದಾರೆ."

ಯಮುನತ್ತೆ ಮುಂದೆ ಬಂದಳು. ನನ್ನ ಹಾಗೆಯೇ ಅವಳನ್ನೂ ಕಾರವಾರಕ್ಕೆ ಕೊಟ್ಟದ್ದು; ಆಪರೇಷನ್ ಆಗಿ ಹದಿನೈದು ವರ್ಷವಾದರೂ ಕೋಡಿಬಾಗದ ಸಂತೆಗೆ ನಡೆದೇ ಹೋಗುವ ಗಟ್ಟಿ ಹೆಂಗಸು. ರಕ್ತ ಕೊಟ್ಟು, ಹತ್ತಿ ಒತ್ತಿಕೊಂಡು ಪಕ್ಕದಲ್ಲೇ ಕೂತಳು.

"ತಂದೆಯ ಇನ್ನೊಬ್ಬ ತಂಗಿ, ಐವತ್ತಾರರಲ್ಲಿ ಕಾಯಿಲೆ, ಈಗಲೂ ಇದ್ದಾರೆ."

ಯಾರೂ ಏಳಲಿಲ್ಲ. ನಾನು ಇನ್ನೊಮ್ಮೆ ಕೂಗಿದೆ. ಅಣ್ಣ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

"ಅದು ನಿನ್ನ ಫಾರಮಿನವ್ರಲ್ದಾ?" ಎಂದ ಅಣ್ಣ.

"ಅಪ್ಪನ ತಂಗಿ ನನ್ನ ಫಾರಮಿಗೆ ಬೇರೆ ಎಲ್ಲಿಂದ ಬರೂದು? ನೀನೇ ಬರ್ದಿರ್ಬೇಕು."

ಡಾಕ್ಟರು ಚೀಲದಿಂದ ಮೂಲ ಫಾರಂಗಳನ್ನೇ ತೆಗೆದರು. ಮೊದಲು ಅಣ್ಣನದು, ಸೀಲು ಸಮೇತ. "ಯಮುನಾ, ಐವತ್ತಾರು." ಆಮೇಲೆ ನನ್ನದು. "ಸುಶೀಲಾ, ಐವತ್ತೈದು."

ಯಮುನತ್ತೆ ಮೊಣಕೈ ಮಡಚಿಕೊಂಡೇ ತಲೆಯೆತ್ತಿದಳು. "ಸುಶೀಲಾ ಹೇಳಿರೆ ನಾನೇ ಅಲ್ದಾ?"

"ಹಾಗಾದರೆ ಯಮುನಾ ಯಾರು?" ಎಂದರು ಡಾಕ್ಟರು.

"ಅದೂ ನಾನೇಯ!"

ಕಾರವಾರದ ಕಡೆ ಸೊಸೆಗೆ ಮದುವೆಯ ದಿನವೇ ಹೊಸ ಹೆಸರಿಡುತ್ತಾರೆ. ತಾಟಿನಲ್ಲಿ ಅಕ್ಕಿ ಹರಡಿ, ಮದುಮಗ ಉಂಗುರದಿಂದ ಅದರ ಮೇಲೆ ಹೆಸರು ಬರೆಯುತ್ತಾನೆ. ಅಲ್ಲಿಂದ ಮುಂದೆ ರೇಷನ್ ಕಾರ್ಡಿನಿಂದ ಆಸ್ಪತ್ರೆಯ ಚೀಟಿಯವರೆಗೆ ಅದೇ. ನಮ್ಮ ಭಾವಿಕೇರಿಯಲ್ಲಿ ಆ ಪದ್ಧತಿಯಿಲ್ಲ. ತವರಿನವರಿಗೆ ಹುಟ್ಟಿದಾಗ ಇಟ್ಟದ್ದೇ ಹೆಸರು. ನಮ್ಮ ಮನೆಯಿಂದ ಕಾರವಾರಕ್ಕೆ ಹೋದವರು ಇಬ್ಬರೇ, ಯಮುನತ್ತೆ ಮತ್ತು ನಾನು. ಕಾಯಿಲೆ ಬಂದವರೂ ನಾವಿಬ್ಬರೇ. ನಾನು ಆಸ್ಪತ್ರೆಯ ಕಾಗದವಲ್ಲವೇ ಎಂದು ಅತ್ತೆಯ ಆಸ್ಪತ್ರೆ ಹೆಸರು ಬರೆದಿದ್ದೆ. ಅಣ್ಣನ ತಲೆಗೆ ಆ ಹೆಸರು ಹೊಳೆಯುವುದೂ ಇಲ್ಲ. ವಯಸ್ಸನ್ನು ನಾನು ತುಂಬಿದ್ದು ಹಿಡಿದೆ, ಅವನು ನಡೆಯುತ್ತಿರುವುದು ಹಿಡಿದ. ಅಲ್ಲಿಗೆ ಒಬ್ಬಳು ಅತ್ತೆ ಇಬ್ಬರಾದಳು.

ನಾನು ಹಾಳೆಯ ಮೇಲೆ ಬಗ್ಗಿದೆ. "ಡಾಕ್ಟರೇ, ನಾಲ್ಕನೇ ಸೊನ್ನೆ ಯಾರು?"

ಅವರು ಬೆರಳಿಟ್ಟು ಓದಿದರು. "ಪ್ರತಿಭಾಳ ಅಕ್ಕ. ನಲವತ್ತಮೂರರಲ್ಲಿ ಕಾಯಿಲೆ. ಹೆಸರು ನಾಗವೇಣಿ."

ಆಸ್ಪತ್ರೆಯ ಚೀಟಿಯ ಪ್ರತಿಭಾ ಎಂದರೆ ನಾನು. ಅಣ್ಣ ಬರೆದ ತವರಿನ ನಾಗವೇಣಿ ಎಂದರೂ ನಾನು. ನಾನು ಎರಡೂ ಕೈ ಎತ್ತಿದೆ.

ಮೇಧಾ ಡಾಕ್ಟರು ಕನ್ನಡಕ ತೆಗೆದರು. "ನನ್ನ ತಾಯಿಗೂ ಹೀಗೇ ಎರಡು ಹೆಸರು. ನನಗಾದರೂ ಹೊಳೆಯಬೇಕಿತ್ತು. ತಪ್ಪು ನನ್ನದೂ ಹೌದು," ಎಂದರು. ಅಷ್ಟರಲ್ಲಿ ಯಮುನತ್ತೆಯ ಬಾಯಿ ಶುರುವಾಗಿತ್ತು. "ಒಂದು ಸಲ ಬಂದದ್ದಕ್ಕೇ ಸಾಕೋ ಸಾಕಾಗಿ ಹೋಗಿತ್ತು. ಈ ಗುಮಾಸ್ತ ಸೀಲು ಹೊಡ್ದು ಇನ್ನೊಂದು ಸಲ ಬರ್ಸಿಬಿಟ್ನಲ್ಲೇ!" ಜಗಲಿಯ ಮೇಲೆ ಎದ್ದ ನಗೆಗೆ ಒಳಗೆ ವಡೆ ಕರಿಯುತ್ತಿದ್ದವರೂ ಜಾಲರಿ ಹಿಡಿದುಕೊಂಡೇ ಓಡಿಬಂದರು. ಅಣ್ಣ ಮಾತ್ರ ತನ್ನ ಅಕ್ಷರವನ್ನೇ ದಿಟ್ಟಿಸುತ್ತ ನಿಂತಿದ್ದ. ಅವನ ಸರ್ವಿಸ್ಸಿನಲ್ಲಿ ತಪ್ಪು ಬಿದ್ದ ಮೊದಲ ಅರ್ಜಿ ಅದಂತೆ.

ನಗದೇ ಇದ್ದವಳು ಮೋಹಿನಿ ಒಬ್ಬಳೇ. ಕಂಬಕ್ಕೆ ಒರಗಿ, ಡಾಕ್ಟರು ಹೊಸ ಹಾಳೆಯಲ್ಲಿ ಚಿತ್ರ ಬರೆಯುವುದನ್ನು ನೋಡುತ್ತಿದ್ದಳು. ಈ ಸಲ ಎರಡೇ ಕಪ್ಪು ಸೊನ್ನೆ.

ಡಾಕ್ಟರು ಅವಳನ್ನು ಹತ್ತಿರ ಕರೆದು ಕೂರಿಸಿಕೊಂಡರು. "ನೋಡಿ, ಆ ಬದಲಾವಣೆ ಒಳ್ಳೆಯದೋ ಕೆಟ್ಟದ್ದೋ ನನಗೆ ಇವತ್ತೂ ಗೊತ್ತಿಲ್ಲ. ಸುಳ್ಳು ಹೇಳುವುದಿಲ್ಲ. ಆದರೆ ಮೊದಲೇ ಈ ಚಿತ್ರ ನನ್ನ ಮುಂದಿದ್ದಿದ್ದರೆ ಆಪರೇಷನ್ನಿನ ಮಾತೇ ಎತ್ತುತ್ತಿರಲಿಲ್ಲ. ವರ್ಷಕ್ಕೊಮ್ಮೆ ಬಂದು ತಪಾಸಣೆ ಮಾಡಿಸಿಕೊಳ್ಳಿ, ಸಾಕು."

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಮೋಹಿನಿ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. "ಹಂಗಾರೆ ಮಗು ಆದ್ರೆ ಅಡ್ಡಿಲ್ವಾ, ಕೇಳು ಅಕ್ಕ."

ನಾನು ಕೇಳುವ ಮೊದಲೇ ಡಾಕ್ಟರು ತಲೆಯಾಡಿಸಿದರು. ಆ ಪ್ರಶ್ನೆ ತಿಳಿಯಲು ಅವರಿಗೆ ಕನ್ನಡ ಬೇಕಾಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ರಘು ಆರು ವಡೆ ತಿಂದ. ನಾನು ಎಣಿಸಿದೆ. ಅವನು ಮದುಮಗನಾಗಿ ಬಂದಾಗಲೂ ಅಷ್ಟು ತಿಂದದ್ದು ನೋಡಿರಲಿಲ್ಲ. ಜೂನ್ ತಿಂಗಳ ಆಪರೇಷನ್ ರದ್ದಾಯಿತು. ಆ ದಿನ ಅವರಿಬ್ಬರೂ ಮಳೆಯಲ್ಲಿ ನೆನೆಯುತ್ತ ಗೋವಾದ ಬಸ್ಸು ಹತ್ತಿದರು.

ರಕ್ತದ ಫಲಿತಾಂಶ ಮುಂದಿನ ವರ್ಷದ ಮೊದಲಿಗೆ ಬಂತು. ಕಾಯಿಲೆ ಬಂದಿದ್ದ ಯಮುನತ್ತೆಯಲ್ಲಿ ಆ ಬದಲಾವಣೆ ಇರಲೇ ಇಲ್ಲ. ಇದ್ದದ್ದು ನನ್ನಲ್ಲಿ, ಮೋಹಿನಿಯಲ್ಲಿ, ಮತ್ತು ಎಂಬತ್ತು ದಾಟಿದರೂ ಇಸ್ವಾಣಕ್ಕೆ ಬಾಯಿ ಬಿಡುವ ದೊಡ್ಡತ್ತೆಯಲ್ಲಿ. ಇದು ಒಳ್ಳೆಯ ಸುದ್ದಿ, ಆದರೂ ಕೊನೆಯ ಮಾತಲ್ಲ ಎಂದು ಡಾಕ್ಟರು ಬರೆದಿದ್ದರು. ಬೇರೆ ಊರುಗಳ ಬೇರೆ ಮನೆತನಗಳಲ್ಲೂ ಅದನ್ನು ನೋಡಬೇಕು, ಕಾಯಬೇಕು. ದೊಡ್ಡತ್ತೆಗೆ ವಿಷಯ ತಿಳಿಸಿದಾಗ, "ನಾ ಹೇಳೂದು ಕೇಳಿ. ನನ್ನತ್ರ ಇದ್ದದ್ದು ಎಂಥದೇ ಇರ್ಲಿ, ಕೆಟ್ಟದ್ದಂತೂ ಇರೂಕಿಲ್ಲ" ಎಂದಳು. ಡಾಕ್ಟರು ಹೇಳಲಾರದ್ದನ್ನು ಅವಳು ಎಷ್ಟು ಸಲೀಸಾಗಿ ಹೇಳಿದಳು!

ಆ ಹೊತ್ತಿಗೆ ಮೋಹಿನಿಗೆ ಎರಡು ತಿಂಗಳು. ಹೆಣ್ಣು ಮಗು ಹುಟ್ಟಿತು, ಚಿನ್ನಿ. ಖಚಿತವಿಲ್ಲ ಎಂಬ ಆ ಮಾತಿನ ಜೊತೆಗೇ ನಾವೆಲ್ಲ ಬದುಕುವುದು ಕಲಿತೆವು. ಮೋಹಿನಿ ವರ್ಷಕ್ಕೊಮ್ಮೆ ನನ್ನ ಜೊತೆ ಮುಂಬಯಿಗೆ ಬರುತ್ತಿದ್ದಳು, ಆಮೇಲೆ ಕಡಲೆಕಾಯಿ ತಿನ್ನುತ್ತ ಸಮುದ್ರ ನೋಡಿ ಬರುತ್ತಿದ್ದೆವು. ಅವಳ ಬಾಯಲ್ಲಿ ಹೆದರಿಕೆಯ ಮಾತು ಒಂದು ದಿನವೂ ಬರಲಿಲ್ಲ. ಅವಳು ಅದನ್ನೆಲ್ಲ ಮರೆತಿದ್ದಾಳೆಂದೇ ನಾನು ತಿಳಿದಿದ್ದೆ.

ಕೊನೆಯ ಪತ್ರ ಬಂದಾಗ ಚಿನ್ನಿಗೆ ಎರಡು ವರ್ಷ ದಾಟಿತ್ತು. ಈಗ ಸಾಕಷ್ಟು ಮನೆತನಗಳನ್ನು ನೋಡಿಯಾಗಿದೆ, ಆ ಬದಲಾವಣೆ ನಿರುಪದ್ರವಿ, ಹಳೆಯ ವರದಿಯ ಬದಲು ಇದನ್ನು ಇಟ್ಟುಕೊಳ್ಳಿ ಎಂದಿತ್ತು. ತರಗತಿಯ ಹುಡುಗಿಯರಿಗೆ ರಜೆ ಕೊಟ್ಟು ಅಂಕೋಲೆಯ ಬಸ್ಸು ಹತ್ತಿದೆ. ಫೋನಿನಲ್ಲಿ ಹೇಳುವಂಥ ಮಾತಲ್ಲ ಅದು.

ಮೋಹಿನಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಮಗುವಿಗೆ ಗಂಜಿ ಉಣ್ಣಿಸುತ್ತಿದ್ದಳು. ನಾನು ಓದಿ ಹೇಳಿದೆ. ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಬಟ್ಟಲನ್ನು ಕೆಳಗಿಟ್ಟು, ಎಂಜಲು ಕೈಯಲ್ಲೇ ಮಗುವನ್ನು ಅಪ್ಪಿಕೊಂಡಳು.

"ಅಕ್ಕ, ಹಂಗಾರೆ ಇವ್ಳಿಗೆ?"

ಅಷ್ಟು ವರ್ಷ ಅವಳು ಒಂದು ಸಲವೂ ಕೇಳದೆ ನುಂಗಿಕೊಂಡಿದ್ದ ಪ್ರಶ್ನೆ ಅದು ಎಂದು ನನಗೆ ಆಗ ತಿಳಿಯಿತು.

"ಇವ್ಳಿಗೆ ಬಂದಿದ್ರೂ ಅದು ಎಂಥದೂ ಮಾಡೂದಿಲ್ವೇ, ಮಾರಾಯ್ತಿ."

ಅವಳು ಮಗುವಿನ ನೆತ್ತಿಯ ಮೇಲೆ ಮುಖವಿಟ್ಟು ಜೋರಾಗಿ ಅತ್ತಳು. ಚಿನ್ನಿ ಸ್ವಲ್ಪ ಹೊತ್ತು ಸಹಿಸಿಕೊಂಡು, ಆಮೇಲೆ ತಾಯಿಯ ತೋಳಿನಿಂದ ಕೊಸರಿಕೊಂಡು ಬಟ್ಟಲಿಗೆ ಕೈ ಹಾಕಿ, ತಾನೇ ಗಂಜಿ ಉಣ್ಣತೊಡಗಿದಳು.